ಬೇವಿನ ಗಿಡದ ಕೆಳಗಿನ ಗೇರ್‌ಬಾಕ್ಸ್

ಕಾರ್ಖಾನೆಗೆ ಸಾಫ್ಟ್‌ವೇರ್ ಆರಿಸುವ ಕೆಲಸ ನನ್ನ ಕೊರಳಿಗೆ ಬಿದ್ದದ್ದು ನನಗೆ ಅದರಲ್ಲಿ ಏನೋ ತಿಳಿಯುತ್ತದೆ ಎಂಬ ಕಾರಣಕ್ಕಲ್ಲ. ಆ ದಿನ ಜಮಖಂಡಿಯ ಬಸ್ಸು ತಡವಾಗಿ ನಾನು ಸಭೆಗೆ ಕೊನೆಯವನಾಗಿ ಹೋದೆ. ಅಷ್ಟರಲ್ಲಿ ಉಳಿದವರೆಲ್ಲ ತಮಗೆ ಹೊಂದುವ ಕೆಲಸಗಳನ್ನು ಹಿಡಿದುಕೊಂಡು ಕೂತಿದ್ದರು. ಯಾರೂ ಮುಟ್ಟದೆ ಉಳಿದದ್ದು ಇದೊಂದೇ. ನಮ್ಮ ಚೀಫ್ ಇಂಜಿನಿಯರರು ನನ್ನ ಕಡೆ ನೋಡಿ, "ಇದನ್ನ ನೀವ ನೋಡ್ರಿ, ನಿಮಗ ಟೈಮ್ ಐತಿ" ಅಂದರು. ನನಗೆ ಟೈಮ್ ಇದೆ ಎಂದು ಅವರಿಗೆ ಯಾರು ಹೇಳಿದರೋ ತಿಳಿಯದು.

ನಮ್ಮದು ಮುಧೋಳ ತಾಲೂಕಿನ ಒಂದು ಸಕ್ಕರೆ ಕಾರ್ಖಾನೆ. ಅಲ್ಲಿ ಯಂತ್ರಗಳ ದುರಸ್ತಿಗೆ ವೇಳೆ ಹಚ್ಚುವುದು ನನ್ನ ಕೆಲಸ. ಯಾವ ಪಂಪನ್ನು ಯಾವಾಗ ಬಿಚ್ಚಬೇಕು, ಯಾವ ಬೇರಿಂಗನ್ನು ಮೊದಲೇ ತರಿಸಿಡಬೇಕು, ಯಾವ ಫಿಟ್ಟರನ್ನು ಎಲ್ಲಿಗೆ ಕಳಿಸಬೇಕು ಎಂಬುದನ್ನೆಲ್ಲ ನಾನು ನೋಡಬೇಕು. ಕಬ್ಬು ಅರೆಯುವ ಹಂಗಾಮಿನಲ್ಲಿ ಈ ಕೆಲಸ ಫೋನಿನ ಮೇಲೆ, ಬೈಗುಳದ ಮೇಲೆ ನಡೆಯುತ್ತದೆ. ಹಂಗಾಮು ಮುಗಿದ ಮೇಲೆ ಇಡೀ ಕಾರ್ಖಾನೆಯನ್ನು ಬಿಚ್ಚಿ ಅಂಗಳದ ತುಂಬ ಹರವುತ್ತೇವೆ. ಆಗ ಸ್ವಲ್ಪ ಸಮಾಧಾನದಿಂದ ನಡೆಯುತ್ತದೆ. ಎರಡೂ ಕಾಲದಲ್ಲಿ ಎಲ್ಲ ವಿಷಯ ನಾಲ್ಕೈದು ಜನರ ತಲೆಯಲ್ಲಿ ಇರುತ್ತಿತ್ತು. ಅವರಲ್ಲೊಬ್ಬರು ರಜೆ ಹಾಕಿದರೆ ಅರ್ಧ ಕಾರ್ಖಾನೆಗೆ ಮರೆವು ಬಂದ ಹಾಗಾಗುತ್ತಿತ್ತು. ಆದ್ದರಿಂದ ಎಲ್ಲವೂ ಕಂಪ್ಯೂಟರಿಗೆ ಹೋಗಲಿ ಎಂದು ಹೆಡ್ ಆಫೀಸಿನವರು ತೀರ್ಮಾನಿಸಿದ್ದರು. ಅದರಲ್ಲಿ ತಪ್ಪೇನೂ ಇರಲಿಲ್ಲ.

ಆರಿಸಬೇಕಾದದ್ದು ಎರಡರಲ್ಲಿ ಒಂದನ್ನು. ಚಿಕ್ಕದು ದುರಸ್ತಿಯ ನಿರ್ವಹಣೆಗೆ ಮಾತ್ರ. ಯಂತ್ರ ಯಾವುದು, ಏನಾಗಿದೆ, ಯಾರು ಹೋಗುತ್ತಾರೆ, ಮತ್ತೆ ಯಾವಾಗ ನೋಡಬೇಕು ಎಂದು ಅದು ಕೇಳುತ್ತದೆ, ಅಷ್ಟಕ್ಕೆ ಸುಮ್ಮನಾಗುತ್ತದೆ. ದೊಡ್ಡದು ಇಡೀ ಸಂಸ್ಥೆಯ ಆಸ್ತಿಯನ್ನು ನೋಡಿಕೊಳ್ಳುವಂಥದು. ಯಂತ್ರ ಕೊಂಡ ದಿನದಿಂದ ಗುಜರಿಗೆ ಹೋಗುವ ದಿನದವರೆಗೆ ಅದಕ್ಕೆ ಎಲ್ಲ ಬೇಕು. ಯಾರಿಂದ ಕೊಂಡಿರಿ, ಮಾಲೀಕರು ಯಾರು, ಈಗ ಎಲ್ಲಿದೆ, ವಿಮೆ ಇದೆಯೆ, ಇನ್ನೆಷ್ಟು ಕಾಲ ಬಾಳುತ್ತದೆ, ದುರಸ್ತಿ ಲಾಭವೋ ಹೊಸದು ಲಾಭವೋ. ದುರಸ್ತಿ ಅದರ ಹಲವು ಕೋಣೆಗಳಲ್ಲಿ ಒಂದು ಕೋಣೆ, ಅಷ್ಟೇ.

ಎರಡೂ ಕಂಪನಿಯವರು ಬಂದು ಪರದೆಯ ಮೇಲೆ ಬಣ್ಣಬಣ್ಣದ ಚಿತ್ರ ತೋರಿಸಿದರು. ದೊಡ್ಡದನ್ನು ಮಾರಲು ಬಂದವನು ಚುರುಕು ಮನುಷ್ಯ. ಮೊದಲ ಪ್ರಶ್ನೆಯಲ್ಲೇ ನನ್ನನ್ನು ಕಟ್ಟಿಹಾಕಿದ. "ಸರ್, ನಿಮ್ಮಲ್ಲಿ ಒಟ್ಟು ಎಷ್ಟು ಆಸ್ತಿ ಇವೆ?" ನಮ್ಮ ಕಡೆ ಆಸ್ತಿ ಎಂದರೆ ಹೊಲ, ಮನೆ ಮತ್ತು ಅವುಗಳ ಜತೆ ಬರುವ ತಂಟೆ. ಕಬ್ಬು ಅರೆಯುವ ಗಾಣದ ರೋಲರ್ ಆಸ್ತಿ ಎಂದು ನಾನು ಅಲ್ಲಿಯವರೆಗೆ ಯೋಚಿಸಿರಲಿಲ್ಲ. ಯೋಚಿಸಿದಾಗಲೂ ತೊಡಕೇ. ಒಂದನೆಯ ಗಾಣದಲ್ಲಿ ಸವೆದ ರೋಲರನ್ನು ಲೇಥಿನ ಮೇಲೆ ತಿರುವಿ, ಹೊಸ ಹಲ್ಲು ಕೊರೆಸಿ, ಮುಂದಿನ ವರ್ಷ ಮೂರನೆಯದಕ್ಕೆ ಹಾಕುತ್ತೇವೆ. ಹಾಗಾದರೆ ಅದು ಯಾವ ಗಾಣದ ರೋಲರ್ ಎಂದು ಅವನನ್ನೇ ಕೇಳಿದೆ. "ಅದಕ್ಕೇ ಸರ್ ನಮ್ಮ ಸಾಫ್ಟ್‌ವೇರ್ ಬೇಕಾಗಿರೋದು. ರೋಲರ್ ಎಲ್ಲಿಗೆ ಹೋದರೂ ಅದರ ಜಾತಕ ಜೊತೆಗೇ ಹೋಗುತ್ತೆ" ಅಂದ. ಉತ್ತರ ನನಗೆ ಹಿಡಿಸಿತು. ಚಿಕ್ಕದರಲ್ಲಿ ಜಾಗಕ್ಕೆ ಹೆಸರು ಇತ್ತೇ ಹೊರತು ರೋಲರಿಗೆ ಇರಲಿಲ್ಲ.

ಆಗ ನನ್ನ ಮನಸ್ಸು ದೊಡ್ಡದರ ಕಡೆಯೇ ಇತ್ತು ಎಂಬುದನ್ನು ಮುಚ್ಚಿಡುವುದಿಲ್ಲ. ಚೀಫ್ ಇಂಜಿನಿಯರರಿಗೆ ಚಿಕ್ಕದು ಬೇಕಿತ್ತು. "ಫಿಟ್ಟರ್ ಮೊಬೈಲ್‌ನ್ಯಾಗ ಫೋಟೋ ಹೊಡದು ಹಾಕಿದ್ರ ಸಾಕು, ಉಳದಿದ್ದೆಲ್ಲಾ ಶ್ಯಾಣ್ಯಾತನ" ಎಂಬುದು ಅವರ ವಾದ. ಹೆಡ್ ಆಫೀಸಿಗೆ ದೊಡ್ಡದು ಬೇಕಿತ್ತು, ಏಕೆಂದರೆ ಅವರಿಗೆ ಅಲ್ಲಿ ಕೂತು ಇಲ್ಲಿನದನ್ನು ನೋಡಬೇಕಿತ್ತು. ಕೊನೆಗೆ ಒಂದು ಹಂಗಾಮಿನ ಮಟ್ಟಿಗೆ ಎರಡನ್ನೂ ಪರೀಕ್ಷೆಗೆ ಹಚ್ಚುವುದೆಂದಾಯಿತು. ಬಾಯ್ಲರ್ ಕಡೆಗೆ ಚಿಕ್ಕದು. ಕಬ್ಬಿನ ಅಂಗಳ, ಕಬ್ಬನ್ನು ಗಾಣಕ್ಕೆ ಒಯ್ಯುವ ಕ್ಯಾರಿಯರ್, ಹೊರಗಿನ ಗೇಟು, ಇವಕ್ಕೆ ದೊಡ್ಡದು. ಹಂಗಾಮು ಮುಗಿದ ಮೇಲೆ ನಾನು ವರದಿ ಬರೆಯಬೇಕು.

ಇಲ್ಲಿ ನಮ್ಮಕ್ಕನ ಸಂಗತಿ ಹೇಳಬೇಕು, ಯಾಕೆಂದರೆ ಆ ವರ್ಷ ನನಗೆ ಕಾರ್ಖಾನೆಗಿಂತ ಅವಳ ಹೊಲದ ಚಿಂತೆಯೇ ಹೆಚ್ಚಾಗಿತ್ತು. ಅಕ್ಕನನ್ನು ಕೊಟ್ಟದ್ದು ಬೀಳಗಿ ತಾಲೂಕಿನ ಗಲಗಲಿಗೆ. ಭಾವ ಜಮಖಂಡಿ ಡಿಪೋದಲ್ಲಿ ಬಸ್ ಡ್ರೈವರ್. ಹೊಲ ನೋಡುತ್ತಿದ್ದವರು ಅವಳ ಮಾವ. ಅವರು ತೀರಿಕೊಂಡ ಮೇಲೆ ಹೊಲವನ್ನು ಲಾವಣಿಗೆ ಕೊಟ್ಟುಬಿಡೋಣ, ಯಾರಾದರೂ ಮಾಡಿಕೊಂಡು ವರ್ಷಕ್ಕಿಷ್ಟು ಕೊಡಲಿ ಎಂದು ಅವಳ ಮೈದುನ ಹೇಳಿದ. ಅಕ್ಕ ಒಪ್ಪಲಿಲ್ಲ. "ನಾ ಮಾಡ್ತೀನಿ" ಅಂದಳು. ಹೆಣ್ಣುಮಗಳು ಕಬ್ಬು ಮಾಡುವುದೆಂದರೇನು ಎಂದು ಮನೆಯಲ್ಲಿ ದೊಡ್ಡ ಮಾತುಕತೆಯೇ ಆಯಿತು. ಕೊನೆಗೆ ಒಂದು ಬೆಳೆಯ ಮಟ್ಟಿಗೆ ಅವಳ ಕೈಗೆ ಬಿಡುವುದು, ಕಾರ್ಖಾನೆಯಲ್ಲಿ ಕಬ್ಬಿನ ಗಾಡಿ ತೂಗುವ ಕಾಟಾದ ಮೇಲೆ ತೂಕ ಮಾವನ ಕಾಲದಷ್ಟು ಬರದಿದ್ದರೆ ಮರುವರ್ಷ ಲಾವಣಿ ಎಂದು ತೀರ್ಮಾನವಾಯಿತು. ಅವಳು ಆ ಮಾತನ್ನು ಎಲ್ಲರ ಮುಂದೆ ಒಪ್ಪಿಕೊಂಡು ಎದ್ದಳು.

ಅವಳ ಹೊಲದ ಕಬ್ಬು ಮಾವನ ಕಾಲದಿಂದಲೂ ಹೋಗುತ್ತಿದ್ದದ್ದು ಹೊಳೆಯ ಕಡೆಗಿರುವ ಇನ್ನೊಂದು ಕಾರ್ಖಾನೆಗೆ. ಅಲ್ಲಿ ನನ್ನ ಹಾಗೇ ದುರಸ್ತಿ ನೋಡಿಕೊಳ್ಳುವವನು ನನ್ನ ಗೆಳೆಯ. ಜಮಖಂಡಿಯಲ್ಲಿ ಒಂದೇ ಬೆಂಚಿನ ಮೇಲೆ ಕೂತು ಡಿಪ್ಲೊಮಾ ಮಾಡಿದವರು ನಾವು. ಅವನು ಬನಹಟ್ಟಿಯ ನೇಕಾರರ ಮನೆಯವನು. ಮನೆಯ ಹಿಂದಿನ ಶೆಡ್ಡಿನಲ್ಲಿ ಈಗಲೂ ಪವರ್‌ಲೂಮ್ ಓಡುತ್ತವೆ. ಅವನ ಜತೆ ಮಾತಾಡಬೇಕೆಂದರೆ ಒದರಬೇಕು, ಆ ಸದ್ದಿನಲ್ಲಿ ಬೆಳೆದ ಕಿವಿ.

ಹಂಗಾಮಿಗೆ ಮುಂಚೆ ನಾವು ಪ್ರತಿ ಯಂತ್ರಕ್ಕೂ ನಂಬರ್ ಕೆತ್ತಿದ ತಗಡಿನ ಬಿಲ್ಲೆ ಬಡಿಯುತ್ತ, ದೊಡ್ಡ ಸಾಫ್ಟ್‌ವೇರಿನ ಖಾನೆ ತುಂಬುತ್ತ ಹೊರಟೆವು. ಕೆಲಸ ಸುಸೂತ್ರ ನಡೆದಿತ್ತು, ಬೇವಿನ ಗಿಡ ಬರುವವರೆಗೆ. ವರ್ಕ್‌ಶಾಪಿನ ಹಿಂದೆ ಆ ಗಿಡದ ಕೆಳಗೆ ಕಟ್ಟಿಗೆಯ ದಿಮ್ಮಿಗಳ ಮೇಲೆ ಕಬ್ಬಿನ ಕ್ಯಾರಿಯರಿನ ಒಂದು ಗೇರ್‌ಬಾಕ್ಸ್ ಇದೆ. ಹೆಚ್ಚಿನದು, ಆಪತ್ತಿಗೆ ಇಟ್ಟದ್ದು. ಕ್ಯಾರಿಯರ್ ನಿಂತರೆ ಕಬ್ಬು ಗಾಣಕ್ಕೆ ಹೋಗುವುದಿಲ್ಲ, ಗಾಣ ನಿಂತರೆ ಕಾರ್ಖಾನೆಯೇ ನಿಂತಂತೆ. ಹೀಗಾಗಿ ಅದು ಸುಮ್ಮನೆ ಕೂತಿದ್ದರೂ ಅದರ ಬಗ್ಗೆ ಎಲ್ಲರಿಗೂ ಒಂದು ಗೌರವ.

ಪರದೆಯ ಮೇಲೆ ಮಾಲೀಕರ ಖಾನೆ ಬಂತು. ಅದನ್ನು ಖಾಲಿ ಬಿಟ್ಟರೆ ಮುಂದಿನ ಪುಟ ತೆರೆಯುವುದಿಲ್ಲ. ನಮ್ಮ ಕಾರ್ಖಾನೆಯ ಯಂತ್ರಗಳಿಗೆಲ್ಲ ಹಸಿರು ಬಣ್ಣ. ಗೇರ್‌ಬಾಕ್ಸೂ ಹಸಿರೇ ಇತ್ತು, ಹಿಂದಿನ ವರ್ಷ ಎಲ್ಲಕ್ಕೂ ಬಣ್ಣ ಬಳಿಯುವಾಗ ಅದಕ್ಕೂ ಬಳಿದಿದ್ದೆವು. ಬಿಲ್ಲೆ ಬಡಿಯಲು ಫಿಟ್ಟರ್ ಒಂದು ಮೂಲೆ ಕೆರೆದಾಗ ಹಸಿರಿನ ಕೆಳಗೆ ನೀಲಿ ಬಂತು. ಇನ್ನಷ್ಟು ಕೆರೆದ. ನೀಲಿಯ ಕೆಳಗೆ ಹಸಿರು. ಅದರ ಕೆಳಗೆ ಮತ್ತೆ ನೀಲಿ. ನೀಲಿ ಹೊಳೆ ಕಡೆಯ ಕಾರ್ಖಾನೆಯ ಬಣ್ಣ.

ಹೊರಗಿನವರಿಗೆ ಇದು ಕಳವಿನ ಮಾಲಿನಂತೆ ಕಾಣಬಹುದು. ನಮ್ಮ ಕಡೆ ಕಾರ್ಖಾನೆಗಳು ಹತ್ತಿರ ಹತ್ತಿರ, ಹೆಚ್ಚು ಕಡಿಮೆ ಒಂದೇ ಥರದ ಯಂತ್ರಗಳು. ಹಂಗಾಮಿನ ನಡುವೆ ಒಂದರಲ್ಲಿ ಏನಾದರೂ ಮುರಿದರೆ ಇನ್ನೊಂದರಿಂದ ಕೈಗಡ ತರುವುದು ರೂಢಿ. ಒಂದು ಫೋನು, ಒಂದು ಲಾರಿ, ಕೆಲಸ ಆಯಿತು. ಕಬ್ಬು ಅರೆಯಲು ಬೇರೆ ಬೇರೆ ಧಣಿಗಳು, ಮುರಿದಾಗ ಒಂದೇ ಓಣಿಯವರು. ತಿರುಗಿ ಕೊಡುವಾಗ ಮಾತ್ರ ಒಂದು ಮರ್ಯಾದೆ ಇದೆ. ನೆರೆಮನೆಯಿಂದ ತಂದ ಡಬರಿಯನ್ನು ಬರಿದು ಕಳಿಸಬಾರದು ಎಂದು ಮನೆಗಳಲ್ಲಿ ಒಂದು ಹಿಡಿ ಸಕ್ಕರೆಯನ್ನೋ ಶೇಂಗಾವನ್ನೋ ಹಾಕಿ ಕಳಿಸುತ್ತಾರಲ್ಲ, ಹಾಗೆ ಕೈಗಡ ತಂದ ಯಂತ್ರವನ್ನೂ ಬರಿದು ಕಳಿಸುವುದಿಲ್ಲ. ಬಿಚ್ಚಿ, ತೊಳೆದು, ಸವೆದ ಸೀಲುಗಳನ್ನು ಬದಲಿಸಿ, ಹೊಸ ಎಣ್ಣೆ ತುಂಬಿ, ತಮ್ಮ ಸ್ಟೋರಿನಲ್ಲಿದ್ದ ಬಣ್ಣವನ್ನೇ ಒಂದು ಕೈ ಬಳಿದು ಕಳಿಸುತ್ತಾರೆ. ಈ ಗೇರ್‌ಬಾಕ್ಸ್ ಹಾಗೆ ಎಷ್ಟು ಸಲ ಹೋಗಿ ಬಂದಿತ್ತೋ, ಬಣ್ಣದ ಪದರು ಬೆರಳಿನಷ್ಟು ದಪ್ಪ ಕಟ್ಟಿತ್ತು.

ಮೊದಲು ಅದು ಯಾರದು? ಹಳಬರನ್ನು ಕೇಳಿದರೆ ಒಬ್ಬರು ನಮ್ಮದು ಅಂದರು, ಇನ್ನೊಬ್ಬರು ಅವರದು ಅಂದರು, ಮೂರನೆಯವರು "ಅದನ್ನ ಕೇಳಿ ಏನ್ ಮಾಡಾವ್ರ ಇದ್ದೀರಿ?" ಅಂದರು. ಗೆಳೆಯನಿಗೆ ಫೋನ್ ಹಚ್ಚಿದೆ.

"ಲೇ, ಬೇವಿನ ಗಿಡದ ಕೆಳಗಿನ ಗೇರ್‌ಬಾಕ್ಸ್ ನಿಮ್ದೋ ನಮ್ದೋ?"

"ಯಾಕ, ಮಾರಾಂವ ಇದ್ದೀಯೇನು?"

"ಕಂಪ್ಯೂಟರ್ ಕೇಳಾಕತ್ತೈತಿ."

ಅವನು ನಕ್ಕ. ಅವರ ಆಡಿಟರ್ ಹಿಂದೆ ಯಾವಾಗಲೋ ಇದನ್ನೇ ಕೇಳಿದ್ದರಂತೆ, ಇವನು ತಮ್ಮದು ಎಂದು ಬರೆಸಿದ್ದನಂತೆ. "ನೀನೂ ನಿಮ್ದ ಅಂತ ಬರಿ. ನಮ್ಮ ಓಣ್ಯಾಗ ಶಟಲ್, ಕಡ್ಡಿ, ಗೇರ್ ಹಿತ್ತಲ ಗ್ವಾಡಿ ಮ್ಯಾಲಿಂದ ಹಾಯ್ಕೋತಿರ್ತಾವು. ಯಾರರ ಯಾರದಂತ ಕೇಳ್ತಾರೇನು?" ಅಂದ. ಹೀಗೆ ಒಂದೇ ಗೇರ್‌ಬಾಕ್ಸ್ ಎರಡು ಕಾರ್ಖಾನೆಗಳ ಪಟ್ಟಿ ಸೇರಿತು. ನಾನು ಮಾಲೀಕರ ಖಾನೆಯಲ್ಲಿ ನಮ್ಮ ಕಾರ್ಖಾನೆಯ ಹೆಸರು ಬರೆದೆ. ಮುಂದಿನ ಪುಟ ತೆರೆಯಿತು.

ಹಂಗಾಮು ಶುರುವಾಯಿತು. ನ್ಯಾಯವಾಗಿ ಹೇಳಬೇಕೆಂದರೆ ಎರಡೂ ಸಾಫ್ಟ್‌ವೇರುಗಳು ತಮ್ಮ ತಮ್ಮ ಕೆಲಸ ಮಾಡಿದವು. ಬಾಯ್ಲರ್ ಕಡೆಯ ಫಿಟ್ಟರುಗಳು ಚಿಕ್ಕದಕ್ಕೆ ಬೇಗ ಒಗ್ಗಿದರು. ಸೋರುವ ವಾಲ್ವಿನ ಫೋಟೋ ಬರುತ್ತಿತ್ತು, ಕೆಲಸ ಆದ ಮೇಲೆ ಒಣಗಿದ ವಾಲ್ವಿನ ಫೋಟೋ ಬರುತ್ತಿತ್ತು, ನಡುವೆ ಒಮ್ಮೊಮ್ಮೆ ಅವರ ಊಟದ ಫೋಟೋವೂ ಬರುತ್ತಿತ್ತು. ದೊಡ್ಡದು ಗಂಭೀರ ಸ್ವಭಾವದ್ದು. ಒಂದು ಪಂಪಿಗೆ ನಾವು ಮತ್ತೆ ಮತ್ತೆ ಮಾಡಿದ ದುರಸ್ತಿಯನ್ನೆಲ್ಲ ಕೂಡಿಸಿ, ಇದರ ಬದಲು ಹೊಸದನ್ನೇ ಕೊಳ್ಳಿರಿ ಎಂದು ಹೇಳಿತು. ನಾನು ಎಷ್ಟೋ ವರ್ಷಗಳಿಂದ ಹೇಳುತ್ತಿದ್ದ ಮಾತದು. ನನ್ನ ಬಾಯಿಂದ ಕೇಳದ ಹೆಡ್ ಆಫೀಸು ಅದರ ಬಾಯಿಂದ ಕೇಳಿ ಪಂಪು ಕೊಡಿಸಿತು. ಸಿಟ್ಟೂ ಬಂತು, ಪಂಪು ಬಂದದ್ದಕ್ಕೆ ಸಂತೋಷವೂ ಆಯಿತು.

ಸಂಕ್ರಾಂತಿ ಮುಗಿದ ಮೇಲಿನ ಒಂದು ರವಿವಾರ, ಬೆಳಿಗ್ಗೆ. ಅಕ್ಕನ ಹೊಲ ಹಿಂದಿನ ದಿನ ಕಟಾವಾಗಿತ್ತು. ಗಾಡಿಗಳ ಸಂಗಡ ಟ್ರ್ಯಾಕ್ಟರ್ ಹತ್ತಿ ತಾನೇ ಹೊಳೆ ಕಡೆಯ ಕಾರ್ಖಾನೆಗೆ ಹೋಗಿದ್ದಳು. ಕಬ್ಬಿನ ಅಂಗಳಕ್ಕೆ ಹೆಣ್ಣುಮಕ್ಕಳು ಹೋಗುವ ರೂಢಿಯಿಲ್ಲ. ಅವಳಿಗೆ ತೂಕ ತನ್ನ ಕಣ್ಣಿನಿಂದ ನೋಡಬೇಕಿತ್ತು. ಅಲ್ಲಿಂದಲೇ ಫೋನ್ ಮಾಡಿದಳು.

"ತಮ್ಮಾ, ಇಲ್ಲಿ ಫ್ಯಾಕ್ಟರಿ ನಿಂತೈತಿ. ಕಬ್ಬ ಒಯ್ಯೂದರದು ಏನೋ ಮುರದೈತಂತ. ಕಾಟಾ ಬಂದ್ ಮಾಡ್ಯಾರು. ನನ್ನ ಗಾಡಿ ಕಾಟಾದ ಮುಂದ ಬಿಸಲಾಗ ನಿಂತಾವು."

"ಯಾವಾಗ ಚಾಲೂ ಆಗ್ತೈತಿ ಅಂದ್ರು?"

"ನಾಡದ ಅಂತಾರ. ನಾಡದತನಾ ನಿಂತ್ರ ಇದರಾಗ ಏನ್ ಉಳಿತೈತೋ? ಬರೆ ಒಣಾ ರವದಿ ಉಳಿತೈತಿ."

ಕಡಿದ ಕಬ್ಬು ಒಣಗಿದಷ್ಟೂ ತೂಕ ಕಳೆದುಕೊಳ್ಳುತ್ತದೆ. ಕಾಟಾ ದಾಟುವವರೆಗೆ ಆ ನಷ್ಟ ರೈತನದೇ. ಉಳಿದವರಿಗೆ ಅದು ಒಂದಿಷ್ಟು ಕಡಿಮೆ ದುಡ್ಡಿನ ಮಾತು. ಅಕ್ಕನಿಗೆ ಹೊಲ ಕೈಯಲ್ಲಿ ಉಳಿಯುತ್ತದೋ ಇಲ್ಲವೋ ಎಂಬ ಮಾತು. ಅವಳ ದನಿಯಲ್ಲಿ ಅಳು ಇರಲಿಲ್ಲ.

ಅವಳು ಫೋನ್ ಇಡುವುದಕ್ಕೂ ಗೆಳೆಯನ ಫೋನ್ ಬರುವುದಕ್ಕೂ ಸರಿಹೋಯಿತು. "ಲೇ, ಕ್ಯಾರಿಯರ್ ಗೇರ್‌ಬಾಕ್ಸ್ ಹೋತು. ಬೇವಿನ ಗಿಡದ್ದು ಬೇಕು. ಲಾರಿ ತಗೊಂಡ ಹೊಂಟೀನಿ, ನಿಮ್ಮ ಹೈಡ್ರಾ ಕ್ರೇನ್ ತಯಾರ ಇಟ್ಟಿರು" ಅಂದ. ಬಾ ಅಂದೆ. ಮೊದಲಿನಿಂದ ಹೇಳುತ್ತ ಬಂದದ್ದೂ ಅದನ್ನೇ.

ಬಿಲ್ಲೆ ಇರುವ ಆಸ್ತಿ ಗೇಟು ದಾಟಬೇಕಾದರೆ ಹೆಡ್ ಆಫೀಸಿನ ಒಪ್ಪಿಗೆ ಪರದೆಯ ಮೇಲೆ ಬರಬೇಕು ಎಂಬುದು ನನಗೆ ಗೊತ್ತಿತ್ತು. ಒಪ್ಪಿಗೆ ಕೇಳುವುದು ಇಷ್ಟು ಉದ್ದ ಎಂಬುದು ಗೊತ್ತಿರಲಿಲ್ಲ. ಎಷ್ಟು ದಿನಕ್ಕೆ? ಬಾಡಿಗೆ ಎಷ್ಟು? ವಿಮೆ ಯಾರದು? ಠೇವಣಿ ಬಂದಿದೆಯೆ? ಕೈಗಡಕ್ಕೆ ಒಂದು ಖಾನೆಯೂ ಇರಲಿಲ್ಲ. ಏನೋ ಒಂದು ತುಂಬಿ ಕಳಿಸಿ, ಒಪ್ಪಿಗೆ ಕೊಡಬೇಕಾದ ಸಾಹೇಬರಿಗೆ ಫೋನ್ ಮಾಡಿದೆ. ಹಿಂದೆ ಬ್ಯಾಂಡು ಬಾರಿಸುತ್ತಿತ್ತು. ಯಾರದೋ ಮದುವೆಯಲ್ಲಿದ್ದರು.

"ಬಂದಿದೆ, ನೋಡಿದೆ. ಬಾಡಿಗೆ ಸೊನ್ನೆ ಅಂತ ಹಾಕಿದ್ದೀರಲ್ಲ? ಹಾಗೆ ನಾನು ಓಕೆ ಮಾಡೋಕಾಗಲ್ಲ. ನಾಳೆ ಆಫೀಸಿಗೆ ಹೋಗಿ ಕೇಳಿ ಹೇಳ್ತೀನಿ."

"ಸರ್, ಅಲ್ಲಿ ಕಬ್ಬು ನಿಂತಿದೆ."

"ನಮ್ಮ ಕಬ್ಬಲ್ಲವಲ್ಲ" ಅಂದರು. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಅವರ ಪರದೆಯಲ್ಲಿ ಅದು ನಮ್ಮ ಕಬ್ಬಲ್ಲ, ಅಷ್ಟೇ.

ಗೆಳೆಯ ಬಂದ. ಲಾರಿ ಗೇಟಿನ ಹೊರಗೆ ನಿಂತಿತು. ಹೊಸದಾಗಿ ಕಂಪ್ಯೂಟರ್ ಕಲಿತ ಗೇಟಿನ ಕಾವಲುಗಾರ ನನ್ನ ಮುಖವನ್ನೂ ಪರದೆಯನ್ನೂ ನೋಡುತ್ತ ಕೂತ. ಚಹಾ ತರಿಸಿದೆ. ಬಿಸಿಲು ನೆತ್ತಿಗೆ ಬಂತು. ಬೇವಿನ ಗಿಡದ ಕೆಳಗಿನ ಗೇರ್‌ಬಾಕ್ಸ್ ಅಲ್ಲಿಂದಲೇ ಕಾಣುತ್ತಿತ್ತು. ಅದನ್ನು ತೋರಿಸಿ ಗೆಳೆಯ ಏನಾದರೂ ಚೇಷ್ಟೆಯ ಮಾತಾಡಿದ್ದರೆ ನನಗೆ ಹಗುರಾಗುತ್ತಿತ್ತು. ಅವನು ಚಹಾದ ಗ್ಲಾಸು ಕೆಳಗಿಟ್ಟು ಎದ್ದ.

"ಇರ್ಲಿ ಬಿಡ್ರಿ. ನಿಮ್ಮದೂ ಕಾಯದೆ ಇರ್ತೈತಿ. ಬೆಳಗಾಂವ ಕಡೆ ಒಂದ ಐತಂತ, ಅಲ್ಲಿಗೆ ಹೋಗಿ ತರ್ತೀನಿ."

ಡಿಪ್ಲೊಮಾದ ಬೆಂಚಿನಿಂದ ಇಲ್ಲಿಯವರೆಗೆ ಅವನು ನನ್ನನ್ನು 'ರೀ' ಹಚ್ಚಿ ಮಾತಾಡಿಸಿದ್ದು ಅದೇ ಮೊದಲು. ಬೈದಿದ್ದರೆ ಅಷ್ಟು ನೋಯುತ್ತಿರಲಿಲ್ಲ. ಲಾರಿ ತಿರುಗಿ ಹೋಯಿತು. ಬೆಳಗಾವಿ ಕಡೆಗೆ ಹೋಗಿ, ಬಂದು, ಏರಿಸಿ, ಜೋಡಿಸುವಷ್ಟರಲ್ಲಿ ಅಕ್ಕ ಹೇಳಿದ ನಾಡಿದ್ದೇ ಆಗುವುದಿತ್ತು.

ಚೀಫ್ ಇಂಜಿನಿಯರರಿಗೆ ಫೋನಿನಲ್ಲಿ ಎಲ್ಲ ಹೇಳಿದೆ. ಅವರು "ನಾ ಅದಕ್ಕ ಸಣ್ಣದ ಬೇಕು ಅಂದಿದ್ದೆ" ಅಂದರು. ಸರಿಯಾದ ಮಾತು, ಆ ಹೊತ್ತಿಗೆ ಉಪಯೋಗವಿಲ್ಲದ್ದು.

ನನ್ನ ಕೋಣೆಗೆ ಹೋಗಿ ಪರದೆಯ ಮುಂದೆ ಕೂತೆ. ಗೇಟಿನ ನಿಯಮಗಳನ್ನು ಮತ್ತೊಮ್ಮೆ ಓದಿದೆ. ನಮ್ಮ ಆಸ್ತಿ ಹೊರಗೆ ಹೋಗಲು ಒಪ್ಪಿಗೆ ಬೇಕು. ಬೇರೆಯವರ ಆಸ್ತಿ ನಮ್ಮಲ್ಲಿದ್ದು ಅವರಿಗೆ ತಿರುಗಿ ಹೋಗುವುದಾದರೆ ಯಾರ ಒಪ್ಪಿಗೆಯೂ ಬೇಕಿಲ್ಲ. ವಾಪಸ್ ಎಂಬ ಒಂದು ಗೇಟ್ ಪಾಸು ಸಾಕು. ನಮ್ಮ ಹಳಬರಲ್ಲಿ ಒಬ್ಬರು ಅದು ಅವರದು ಅಂದಿದ್ದರು. ಅವರ ಆಡಿಟರಿನ ಪಟ್ಟಿಯೂ ಅದನ್ನೇ ಹೇಳುತ್ತಿತ್ತು. ತಳದಲ್ಲಿ ಯಾವ ಬಣ್ಣ ಇತ್ತೆಂದು ಯಾರೂ ಪೂರ್ತಿ ಕೆರೆದು ನೋಡಿರಲಿಲ್ಲ. ನಾನು ಮಾಲೀಕರ ಖಾನೆಗೆ ಹೋಗಿ ನಮ್ಮ ಹೆಸರನ್ನು ಅಳಿಸಿ ಹೊಳೆ ಕಡೆಯ ಕಾರ್ಖಾನೆಯ ಹೆಸರು ಬರೆದೆ. ಕಾರಣ ಕೇಳಿತು. 'ಮೊದಲು ತಪ್ಪಾಗಿ ತುಂಬಲಾಗಿತ್ತು' ಎಂದು ಬರೆದೆ. ಸುಳ್ಳು ಬರೆದೆ ಅನ್ನಿಸಲಿಲ್ಲ, ಖರೆ ಬರೆದೆ ಎಂದೂ ಅನ್ನಿಸಲಿಲ್ಲ. ವಾಪಸ್ ಪಾಸಿನ ಬಟನ್ ಒತ್ತಿದೆ.

ಪಾಸು ಪ್ರಿಂಟಾಗುತ್ತಿದ್ದಂತೆ ಗೆಳೆಯನಿಗೆ ಫೋನ್ ಮಾಡಿದೆ. ಅವನಿನ್ನೂ ಮುಧೋಳ ದಾಟಿರಲಿಲ್ಲ. "ತಿರುಗಿ ಬಾ. ನಿಮ್ಮ ಗೇರ್‌ಬಾಕ್ಸ್ ನಿಮಗ ಒಯ್ಯಿ" ಅಂದೆ.

"ಲೇ, ಮೂರ ತಾಸ ಕಾಯಿಸಿ ಈಗ ನಮ್ದ ಅಂತೀಯಲ್ಲಲೇ" ಎಂದು ಒದರಿದ. ಆ ಲೇ ಕೇಳಿ ನನಗೆ ಉಸಿರು ಬಂದಂತಾಯಿತು.

ಗೇಟಿನ ಕಾವಲುಗಾರ ಪಾಸನ್ನು ಪರದೆಯ ಜತೆ ತಾಳೆ ನೋಡಿ, ಎಲ್ಲ ಬರೋಬರಿ ಇದೆ ಎಂದು ಖುಷಿಯಿಂದ ಗೇಟು ತೆರೆದ. ಅವರ ಫಿಟ್ಟರುಗಳು ಹಳೆಯದನ್ನು ಬಿಚ್ಚಿಟ್ಟುಕೊಂಡೇ ಕಾಯುತ್ತಿದ್ದರಂತೆ. ಹೊತ್ತು ಮುಳುಗುವ ಮುಂಚೆ ಅಲ್ಲಿ ಕ್ಯಾರಿಯರ್ ತಿರುಗಿತು, ಕಾಟಾ ಶುರುವಾಯಿತು. ಅಕ್ಕ ಫೋನ್ ಮಾಡಿದಳು. ಹಿಂದೆ ಟ್ರ್ಯಾಕ್ಟರುಗಳ ಸದ್ದು.

"ತೂಗಿತೋ ತಮ್ಮಾ. ಮಾವಾರ ಟೈಮಿಗಿಂತ ಒಂದ್ ಕೈ ಜಾಸ್ತಿನ ಬಂತು. ಚೀಟಿ ನನ್ನ ಕೈಯಾಗ ಐತಿ. ಮನಿಗಿ ಹೋಗಿ ಮೈದುನನ ಮುಂದ ಇಡ್ತೀನಿ."

ನಾನು ಛಲೋ ಆತು ಎಂದೆ.

ಮಾಲೀಕರ ಹೆಸರು ಬದಲಾದದ್ದನ್ನು ಹೆಡ್ ಆಫೀಸಿನವರು ಕೇಳಿದರು. ಎರಡು ಪಟ್ಟಿಗಳಲ್ಲಿದ್ದ ವಿಷಯ ಹೇಳಿದೆ. ಅವರು ತಪ್ಪು ತಿದ್ದಿದ್ದಕ್ಕೆ ನನಗೆ ಧನ್ಯವಾದ ಬರೆದರು. ಹಂಗಾಮು ಮುಗಿದ ಮೇಲೆ ಗೇರ್‌ಬಾಕ್ಸ್ ತಿರುಗಿ ಬಂತು. ಹೊಸ ಎಣ್ಣೆ, ಹೊಸ ಸೀಲು, ಮೈತುಂಬ ನೀಲಿ. ನಾವು ಬಡಿದ ಬಿಲ್ಲೆಯ ಮೇಲೂ ನೀಲಿ ಬಳಿದಿದ್ದರು. ಅದನ್ನು ನಮ್ಮದೆಂದು ಮತ್ತೆ ಬರೆಯಲು ನಾನು ಹೋಗಲಿಲ್ಲ. ಬೇರೆಯವರದು, ಸದ್ಯಕ್ಕೆ ನಮ್ಮಲ್ಲಿದೆ ಎಂದು ಒಳಗೆ ತೆಗೆದುಕೊಂಡೆ. ಗೆಳೆಯನೂ ತಮ್ಮ ಪಟ್ಟಿಯಲ್ಲಿ ಅದನ್ನು ನಮ್ಮದೆಂದು ತಿದ್ದಿಸಿದ. ಈಗ ಅದು ಎರಡೂ ಕಡೆ ಪರರದು. ಯಾವ ಗೇಟಿನಲ್ಲೂ ಅದಕ್ಕೆ ತಡೆಯಿಲ್ಲ.

ವರದಿಯಲ್ಲಿ ನಾನು ಚಿಕ್ಕದನ್ನೇ ಕೊಳ್ಳಬೇಕೆಂದು ಬರೆದೆ. ರೋಲರಿನ ಜಾತಕ ಇಡಲು ದೊಡ್ಡದೇ ವಾಸಿ, ಹೊಸ ಪಂಪು ಕೊಡಿಸಲೂ ಅದೇ ವಾಸಿ ಎಂಬುದನ್ನೂ ಬಿಡದೆ ಬರೆದೆ. ಒಂಟಿಯಾಗಿ ಇರುವ ಕಾರ್ಖಾನೆಗೆ ಅದು ಸರಿ, ನೆರೆಹೊರೆ ಇರುವ ಕಾರ್ಖಾನೆಗೆ ಅದರಲ್ಲಿ ಇನ್ನೊಂದು ಖಾನೆ ಬೇಕು, ಆ ಖಾನೆ ಬರುವ ತನಕ ಚಿಕ್ಕದಿರಲಿ ಎಂದು ಮುಗಿಸಿದೆ. ಹೆಡ್ ಆಫೀಸಿನವರು ವರದಿ ಚೆನ್ನಾಗಿದೆ ಅಂದರು, ದೊಡ್ಡದನ್ನು ಕೊಂಡರು. ಈಗ ಇಡೀ ಕಾರ್ಖಾನೆ ಅದರಲ್ಲಿಯೇ ನಡೆಯುತ್ತಿದೆ. ಅಂಥ ತೊಂದರೆಯೇನೂ ಇಲ್ಲ.

ಯುಗಾದಿಯ ಮರುದಿನ ಗಲಗಲಿಗೆ ಹೋಗಿದ್ದೆ. ಲಾವಣಿಯ ಮಾತು ಆ ಮನೆಯಲ್ಲಿ ಮತ್ತೆ ಯಾರೂ ಎತ್ತಿರಲಿಲ್ಲ. ಮೈದುನ ಅತ್ತಿಗೆಯನ್ನು ಕೇಳಿ ಗೊಬ್ಬರ ತರುವಷ್ಟು ಮೆತ್ತಗಾಗಿದ್ದ. ಕಡಿದ ಬುಡದಿಂದ ಮತ್ತೆ ಚಿಗುರಿದ ಕೂಳೆ ಕಬ್ಬು ಮೊಣಕಾಲೆತ್ತರ ಎದ್ದಿತ್ತು. ಅಕ್ಕ ಬದುವಿನ ಮೇಲೆ ನಿಂತು ಹೊಲ ತೋರಿಸಿದಳು. ನಾನು ಅವಳ ಮುಖವನ್ನೇ ನೋಡಿದೆ. ಮದುವೆಯಾದ ಮೇಲೆ ಅವಳು ಅಷ್ಟು ನೆಟ್ಟಗೆ ನಿಂತದ್ದನ್ನು ನಾನು ನೋಡಿರಲಿಲ್ಲ.

"ಈ ವರ್ಷ ಯಾವ ಫ್ಯಾಕ್ಟರಿಗಿ ಬರಸಲಿ ಕಬ್ಬ?" ಎಂದು ಕೇಳಿದಳು. "ನಿಮ್ಮ ಫ್ಯಾಕ್ಟರ್ಯಾವರೂ ಬಂದು ಕೇಳಿ ಹೋಗ್ಯಾರ."

ನನಗೆ ಒಳಗೊಳಗೇ ಆಸೆಯಿತ್ತು. ನಮ್ಮ ಅಂಗಳಕ್ಕೆ ಅವಳ ಗಾಡಿಗಳು ಬಂದು ನಿಲ್ಲಲಿ, ನಾನೇ ಕಾಟಾದ ಹತ್ತಿರ ನಿಂತು ತೂಗಿಸಬೇಕು ಎಂದು. ಬಾಯಲ್ಲಿ ಮಾತ್ರ, "ನಿನಗ ಹ್ಯಾಂಗ ಅನಸ್ತೈತಿ ಹಂಗ ಮಾಡಕ್ಕಾ" ಅಂದೆ.

ಅವಳು ಯೋಚಿಸಲೂ ಇಲ್ಲ. "ಬ್ಯಾಡೋ ತಮ್ಮಾ. ನಿಮ್ಮಲ್ಲಿ ಒಂದ್ ಗೇರ್‌ಬಾಕ್ಸ್ ಕೊಡಾಕ ಮೂರ್ ತಾಸ ಮಾಡಿದ್ರಂತ, ಅಂಗಳದಾಗೆಲ್ಲಾ ಅದ ಮಾತ ಅವತ್ತ. ಓಣ್ಯಾಗ ಮಸರಿಗಿ ಹೆಪ್ಪ ಕೇಳಿದ್ರ, ಇದು ಯಾರ ಮನಿ ಹೆಪ್ಪಂತ ಯಾರರ ಹಿಡಕೊಂಡ ಕುಂದರ್ತಾರೇನು? ನಿನ್ನ ದೋಸ್ತನ ಫ್ಯಾಕ್ಟರಿಗೇ ಹಾಕ್ತೀನಿ. ಅಂವ ತಾನ ಲಾರಿ ಏರಿ ಹೋಗಿದ್ದ. ನೀ ಕಂಪ್ಯೂಟರ್ ಮುಂದ ಕುಂತಿದ್ದಿ."

ಹೌದು, ನಾನು ಕಂಪ್ಯೂಟರ್ ಮುಂದೆಯೇ ಕೂತಿದ್ದೆ. ಅಲ್ಲಿ ಕೂತು ಏನು ಮಾಡಿದೆ ಎಂದು ಅವಳಿಗೆ ಹೇಳಲಿಲ್ಲ. ಹೇಳಿದರೆ ಅದು ಓಣಿಯೆಲ್ಲ ತಿರುಗಿ ಹೆಡ್ ಆಫೀಸಿಗೂ ಮುಟ್ಟುತ್ತಿತ್ತು, ಗೇರ್‌ಬಾಕ್ಸಿಗೆ ಮತ್ತೆ ಒಬ್ಬ ಮಾಲೀಕ ಬರುತ್ತಿದ್ದ. ಹೊರಡುವಾಗ ಅಕ್ಕ ಒಂದು ಸ್ಟೀಲ್ ಡಬ್ಬಿಯಲ್ಲಿ ಗಟ್ಟಿ ಮೊಸರು ಹಾಕಿ ಕೊಟ್ಟಳು, ಡಬ್ಬಿ ತಿರುಗಿ ಕಳಿಸು ಅಂದಳು. ಅವಳ ಕಬ್ಬು ಈ ವರ್ಷವೂ ಹೊಳೆ ಕಡೆಯ ಕಾರ್ಖಾನೆಗೇ ಹೋಗುತ್ತದೆ.